ಒಂದು ಬೆರಳು ಸಂದು

ಜನವರಿ ೬, ಸೋಮವಾರ

ಶಶಿರೇಖಾಳಿಗೆ ಇವತ್ತು ಮೊದಲನೆಯ ಕರೆಂಟು, ಅಂದರೆ ರೇಡಿಯೇಶನ್. ಒಟ್ಟು ಇಪ್ಪತ್ತೈದು ಆಗಬೇಕು, ವಾರಕ್ಕೆ ಐದರಂತೆ. ನಡುವೆ ನಿಲ್ಲಿಸಿದರೆ ಅನ್ನನಾಳದ ಗಂಟು ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಡಿಸೆಂಬರಿನಲ್ಲೇ ಹೇಳಿದ್ದಾರೆ. ಆಗಲೇ ಅವಳ ಎದೆಯ ಅಳತೆಗೆ ಪ್ಲಾಸ್ಟಿಕ್ಕಿನ ಅಚ್ಚು ಮಾಡಿಟ್ಟಿದ್ದರು. ಅದನ್ನು ಹೊದಿಸಿ, ಅಲುಗಾಡದಂತೆ ಬಿಗಿದು, ಯಂತ್ರದ ಕೆಳಗೆ ಹತ್ತು ನಿಮಿಷ ಮಲಗಿಸುತ್ತಾರಂತೆ. ಒಳ್ಳೆಯ ಪದ್ಧತಿ. ನೋವೂ ಇಲ್ಲವಂತೆ.

ನೋವು ದಾರಿಯಲ್ಲಿದೆ. ಕೊಡಿಗೇಹಳ್ಳಿಯ ನಮ್ಮ ಮನೆಯಿಂದ ಆಸ್ಪತ್ರೆಗೆ ಹದಿಮೂರು ಕಿಲೋಮೀಟರು. ಹೆಬ್ಬಾಳದ ಮೇಲ್ಸೇತುವೆಯ ತಿರುವಿನಲ್ಲಿ ನಮ್ಮ ಕಾರು ಒಂದು ಪಕ್ಕಕ್ಕೆ ವಾಲುತ್ತದೆ. ಹದಿನಾಲ್ಕು ವರ್ಷದ ಗಾಡಿ, ಹಿಂದಿನ ಸ್ಪ್ರಿಂಗುಗಳು ಮೆತ್ತಗಾಗಿವೆ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ವಾಲಿದೊಡನೆ ಅವಳಿಗೆ ಹೊಟ್ಟೆ ತೊಳಸಿತು. ನೀರು ಇಳಿಯಲೂ ಜಾಗವಿಲ್ಲದ ಗಂಟಲಿನಿಂದ ವಾಂತಿ ಹೇಗೆ ಬರುತ್ತದೆ ಎಂಬುದನ್ನು ಕನ್ನಡಿಯಲ್ಲಿ ನೋಡಿದೆ. ಅದನ್ನು ಬರೆಯುವುದಿಲ್ಲ.

ಮನೆಗೆ ಬಂದ ಮೇಲೆ ಹೇಳಿದಳು: "ಇಪ್ಪತ್ತೈದು ಸಲ ಆಗಲ್ಲ ರೀ. ಕರೆಂಟಿಗೆ ಹೆದ್ರಲ್ಲ ನಾನು. ಆ ಫ್ಲೈಓವರ್ ನೆನೆಸ್ಕೊಂಡ್ರೆ ಸಾಕು."

"ಫ್ಲೈಓವರ್ ನನಗೆ ಬಿಡು," ಎಂದೆ.

ಇಪ್ಪತ್ತೆಂಟು ವರ್ಷ ಯಶವಂತಪುರದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವನು ನಾನು. ಒಂದು ಭಾಗ ಯಾಕೆ ವಾಲುತ್ತದೆ, ಯಾಕೆ ಬಡಿಯುತ್ತದೆ ಎಂಬುದು ನನಗೆ ಗೊತ್ತಾಗುವ ಪ್ರಶ್ನೆ. ಮಿಕ್ಕ ಪ್ರಶ್ನೆಗಳು ಡಾಕ್ಟರದು.

ಜನವರಿ ೯, ಗುರುವಾರ

ಜಕ್ಕೂರಿನ ಅಶ್ವತ್ಥ್ ಎಂಬ ಹುಡುಗ ರ್‍ಯಾಲಿ ಓಡಿಸಿದ ಕಾರೊಂದನ್ನು ಬಿಚ್ಚಿ ಮಾರುತ್ತಿದ್ದಾನೆ. ನಮ್ಮದೇ ಮಾದರಿ. ಅದರ ಸ್ವೇ ಬಾರ್ ತಂದೆ. ಹೆಬ್ಬೆರಳು ದಪ್ಪದ ಉಕ್ಕಿನ ಸಲಾಕೆ. ಹಿಂದಿನ ಆಕ್ಸಲ್ಲಿಗೆ ಕ್ಲಾಂಪ್ ಹಾಕಿ ಕೂರಿಸಿ, ಎರಡು ತುದಿಗಳನ್ನು ಬಾಡಿಗೆ ಕಟ್ಟಿದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ.

"ಏನ್ ಅಂಕಲ್, ಈ ವಯಸ್ಸಲ್ಲಿ ರ್‍ಯಾಲಿನಾ?" ಎಂದು ಕೇಳಿದ.

ಹೌದು ಎಂದೆ.

"ಸೂಪರ್ ಗುರು ನೀವು!"

ಸಂಜೆ ಜಾಕ್ ಕೊಟ್ಟು ಎತ್ತಿ, ನಾನೇ ಜೋಡಿಸಿದೆ.

ಜನವರಿ ೧೦, ಶುಕ್ರವಾರ

ಐದನೆಯದು. ಬಾರ್ ಕೆಲಸ ಮಾಡಿತು. ಸೇತುವೆಯ ತಿರುವು ಬಂದಾಗ ಶಶಿರೇಖಾ ಕಣ್ಣು ಮುಚ್ಚಿ, ತಂಗಿ ಸರಳಾಳ ಕೈ ಹಿಡಿದು ಕಾದಳು. ಸ್ವಲ್ಪ ಹೊತ್ತಿನ ಮೇಲೆ, "ದಾಟಿದ್ವಾ?" ಎಂದಳು. ದಾಟಿ ಅರ್ಧ ಕಿಲೋಮೀಟರು ಆಗಿತ್ತು.

ಸರಳಾ ರಾಜಾನುಕುಂಟೆಯಿಂದ ತಾಯಿಯ ಜೊತೆ ಬಂದು ನಮ್ಮಲ್ಲೇ ಇದ್ದಾಳೆ. ಆಸ್ಪತ್ರೆಯ ಒಳಗೆ ಅಕ್ಕನನ್ನು ಕರೆದುಕೊಂಡು ಹೋಗುವವಳು ಅವಳೇ. ನಾನು ಪಾರ್ಕಿಂಗಿನಲ್ಲಿರುತ್ತೇನೆ.

ಆದರೆ ಹೊಸದೊಂದು ದೋಷ. ಹಂಪು ಇಳಿದಾಗಲೆಲ್ಲ ಹಿಂದಿನ ಸೀಟಿನ ಕೆಳಗೆ ಟಕ್ ಎಂದು ಪೆಟ್ಟು. ಹೊಟ್ಟೆಗೆ ಆಹಾರದ ಟ್ಯೂಬು ಹಾಕಿರುವ ಜಾಗಕ್ಕೆ ಅದು ಹೋಗಿ ತಾಗುತ್ತದಂತೆ. ಪ್ರತಿ ಟಕ್ಕಿಗೂ ಅವಳ ಅಂಗೈ ಅಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಮೂವತ್ತೊಂದು ಹಂಪುಗಳಿವೆ. ಮೂವತ್ತೊಂದು ಪೆಟ್ಟು.

ಪಾರ್ಕಿಂಗಿನಲ್ಲಿ ಅಡಿಯಲ್ಲಿ ಮಲಗಿ ನೋಡಿದೆ. ಸೈಲೆನ್ಸರ್ ಪೈಪು ಆಕ್ಸಲ್ಲಿನ ಮೇಲಿಂದ ಹಾದು ಹಿಂದಕ್ಕೆ ಹೋಗುತ್ತದೆ, ಸರಿಯಾಗಿ ಬಾರಿನ ಮೇಲೆ, ಎಡಗಡೆ, ಅವಳ ಸೀಟಿನ ಕೆಳಗೆ. ಗಾಡಿ ಕುಕ್ಕಿದಾಗ ಪೈಪು ಇಳಿದು ಬಾರಿಗೆ ಬಡಿಯುತ್ತದೆ. ಜಾಕಿನ ಮೇಲೆ ಚಕ್ರ ನೇತಾಡುತ್ತಿದ್ದಾಗ ಸಂದು ಧಾರಾಳವಾಗಿ ಕಂಡಿತ್ತು. ಭಾರ ಹೊತ್ತಾಗ ಉಳಿಯುವ ಸಂದೇ ನಿಜವಾದ ಸಂದು ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ.

ಜನವರಿ ೧೧, ಶನಿವಾರ

ಆರ್.ಟಿ. ನಗರದ ನಜೀರ್ ಭಾಯ್ ಮೂವತ್ತು ವರ್ಷದಿಂದ ಸೈಲೆನ್ಸರ್ ಕೆಲಸ ಮಾತ್ರ ಮಾಡುತ್ತಾರೆ. ಅವರ ಅಂಗಡಿಯಲ್ಲಿ ಗುಂಡಿ ಇದೆ. ಕಾರು ತನ್ನ ಚಕ್ರಗಳ ಮೇಲೇ ನಿಂತಿರುವಾಗ ಕೆಳಗಿಳಿದು ಅಳೆಯಬಹುದು.

ಆದರೆ ಸೀಟಿನ ಮೇಲೆ ಭಾರ ಬೇಕು. ಅವಳನ್ನೇ ಗುಂಡಿಯ ಮೇಲೆ ಕೂರಿಸಲಾಗದು. ಅವಳ ತೂಕ ಮನೆಯಲ್ಲೇ ಇತ್ತು. ಅತ್ತೆ ಮುನಿಯಲ್ಲಮ್ಮ ಹರಕೆ ಹೊತ್ತಿದ್ದಾರೆ: ಮಗಳು ಮತ್ತೆ ಒಂದು ತುತ್ತು ಅನ್ನ ನುಂಗಿದ ದಿನ ಮನೆದೇವರಿಗೆ ಅವಳ ತೂಕದಷ್ಟು ಅಕ್ಕಿ. "ದೇವ್ರಿಗೆ ಆಮೇಲೆ ಕೊಡ್ತೀನಿ ಅನ್ಬಾರ್ದು, ಎತ್ತಿಕ್ಕಿ ಬೇಡ್ಕೋಬೇಕು" ಎಂದು, ಡಿಸೆಂಬರಿನಲ್ಲಿ ಆಸ್ಪತ್ರೆಯವರು ಅವಳನ್ನು ತೂಗಿದ ದಿನವೇ ಅರವತ್ತೆರಡು ಕೆಜಿ ಅಕ್ಕಿ ತರಿಸಿದರು. ಒಂದೇ ಗೋಣಿಚೀಲಕ್ಕೆ ತುಂಬಿ, ಬಾಯಿಗೆ ಅರಿಶಿನದ ಬಟ್ಟೆ ಕಟ್ಟಿ, ಮೀಸಲು ಎಂದು ನಡುಮನೆಯ ಮೂಲೆಯಲ್ಲಿಟ್ಟಿದ್ದಾರೆ. ಆ ಚೀಲವನ್ನು ಕೇಳಿದೆ.

"ದೇವ್ರಕ್ಕೀನ ಮೋರಿ ಅಂಗಿರೋ ಗುಂಡಿ ಮೇಲೆ ನಿಲ್ಲುಸ್ತೀರಾ ಅಳಿಯಂದ್ರೆ?"

"ಅವಳಿಗೋಸ್ಕರವೇ ಅತ್ತೆ."

ಚೀಲದ ಗಂಟನ್ನು ಮುಟ್ಟಿ ನೋಡಿದರು. "ಅಂಗಾದ್ರೆ ಚಪ್ಲಿ ಬಿಟ್ಟು ಓಡ್ಸಿ. ಗಂಟು ಮಾತ್ರ ಬಿಚ್ಬ್ಯಾಡಿ. ಮೀಸ್ಲು ಬಿಚ್ಚುದ್ರೆ ಅರಕೆ ಬಿಟ್ಟಂಗೆ."

ಚಪ್ಪಲಿ ಬಿಟ್ಟೆ. ನಾನೂ ಸರಳಾಳೂ ಚೀಲವನ್ನು ಹೊತ್ತು ತಂದು ಶಶಿರೇಖಾಳ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆವು.

"ಏನ್ ಬಾಲಣ್ಣ, ಅಕ್ಕಿ ಮೂಟೆಗೂ ಸೀಟ್ ಬೆಲ್ಟಾ?" ಎಂದರು ನಜೀರ್ ಭಾಯ್. "ಹೆಬ್ಬಾಳ ಪೊಲೀಸ್ರು ಅಷ್ಟು ಸ್ಟ್ರಿಕ್ಟಾ?"

ಡ್ರಿಲ್ ಬಿಟ್ಟುಗಳನ್ನು ಒಂದೊಂದಾಗಿ ಸಂದಿಗೆ ತೂರಿಸಿ ಅಳೆದೆ. ಐದು ಮಿಲಿಮೀಟರಿನದು ಹೋಗುತ್ತದೆ, ಆರರದು ಹೋಗುವುದಿಲ್ಲ. ನಜೀರ್ ಭಾಯ್ ನಕ್ಕರು.

"ನಿಮ್ ಮಿಲಿಮೀಟರ್ ನಿಮ್ ಫ್ಯಾಕ್ಟ್ರೀಲಿ ಇಟ್ಕೊಳ್ಳಿ. ಇಲ್ಲಿ ಒಂದೇ ಲೆಕ್ಕ. ಒಂದು ಬೆರಳು ಆರಾಮಾಗಿ ಹೋಗ್ಬೇಕು, ಆರಾಮಾಗಿ ಬರ್ಬೇಕು. ಪೈಪು ಬಿಸಿ ಆದ್ರೆ ಕುಣಿಯುತ್ತೆ ಬಾಲಣ್ಣ. ಕುಣಿಯೋಕೆ ಜಾಗ ಕೊಡ್ಬೇಕು."

ಅವರ ತೋರುಬೆರಳನ್ನು ಅಳೆದುಕೊಂಡೆ. ಹದಿನಾರು. ಪೈಪನ್ನು ನೇತುಹಾಕುವ ರಬ್ಬರುಗಳು ಜೋತುಬಿದ್ದಿದ್ದವು, ಹೊಸದು ಹಾಕಿದರು. ಸಂದು ಈಗ ಒಂಬತ್ತು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಆಸ್ಪತ್ರೆಗೆ ರಜೆ. ಶಶಿರೇಖಾ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಬೀದಿಯ ಹೆಣ್ಣುಮಕ್ಕಳಿಗೆ ಎಳ್ಳು ಬೀರಿದಳು. ಯಾರೂ ನೋಡದಿದ್ದಾಗ ಒಂದು ಚೂರು ಬೆಲ್ಲವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಸ್ವಲ್ಪ ಹೊತ್ತಾದ ಮೇಲೆ ತೆಗೆದಳು. ಬೀರುವಾಗ ಅವಳ ಉಂಗುರ ಎಳ್ಳಿನ ತಟ್ಟೆಯಲ್ಲಿ ಬಿದ್ದುಹೋಗಿತ್ತು. ಸರಳಾ ಅದಕ್ಕೆ ದಾರ ಸುತ್ತಿ ಕೊಟ್ಟಳು.

ನಾನು ಆಕ್ಸಲ್ಲಿಗೂ ಬಾರಿಗೂ ನಡುವೆ ಕೊಡಲು ಮೂರು ಮಿಲಿಮೀಟರಿನ ತಗಡು ಕತ್ತರಿಸಿದೆ. ಬಾರ್ ಅಷ್ಟು ಕೆಳಗಿಳಿಯಿತು. ಚೀಲ ಕೂರಿಸಿ ಅಳೆದೆ: ಹನ್ನೆರಡು.

ಜನವರಿ ೧೭, ಶುಕ್ರವಾರ

ಒಂಬತ್ತನೆಯದು. ಮೂವತ್ತೊಂದರಲ್ಲಿ ಹತ್ತೊಂಬತ್ತು ಪೆಟ್ಟು.

ವಾಪಸ್ಸು ಬರುವಾಗ ಕೊಡಿಗೇಹಳ್ಳಿ ಶಾಲೆಯ ಮುಂದಿನ ಹಂಪು, ಎಲ್ಲಕ್ಕಿಂತ ಎತ್ತರದ್ದು. ಆಮೆಯಂತೆ ಹತ್ತಿಸಿದೆ. ಆದರೂ ಟಕ್. ಅವಳು ಕೂಗಲಿಲ್ಲ. ಕೂಗಿದ್ದರೆ ವಾಸಿ ಇತ್ತು.

ಜನವರಿ ೨೦, ಸೋಮವಾರ

ಹೋಗಲಿಲ್ಲ.

ಎಂಟೂವರೆಗೆ ಕಾರು ತೆಗೆದು ಕಾದೆ. ಸರಳಾ ಒಬ್ಬಳೇ ಬಂದಳು. "ಬರಲ್ಲಂತೆ ಭಾವ."

ಒಳಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಕಾಲ ಬಳಿ ಕೂತು ಬೈಯುತ್ತಿದ್ದರು. "ಅಕ್ಕಿ ಎತ್ತಿಕ್ಕಿವ್ನಿ, ದೇವ್ರು ನೋಡ್ತಾ ಕುಂತವ್ನೆ. ಇವ್ಳು ಇಂಗೆ ಮಕ್ಕಂಡ್ರೆ ಏನ್ ಏಳ್ಲಿ ಅವ್ನಿಗೆ?"

"ಅವನನ್ನೇ ಕರ್ಕೊಂಡ್ ಹೋಗಮ್ಮ ಆ ಕಾರಲ್ಲಿ," ಎಂದಳು ಶಶಿರೇಖಾ, ಗೋಡೆಗೆ.

ಶಬ್ದ ನಿಂತರೆ ಬರುತ್ತೀಯಾ ಎಂದು ಕೇಳಿದೆ.

"ನಿಮಗೆ ಅದೊಂದೇ ಶಬ್ದ ಕೇಳ್ಸುತ್ತೆ ಅಲ್ವಾ?" ಎಂದಳು. ಆಮೇಲೆ, "ನಿಲ್ಸಿ. ಬರ್ತೀನಿ."

ಜನವರಿ ೨೧, ಮಂಗಳವಾರ

ಹತ್ತನೆಯದು. ಬಂದಳು. ಶಬ್ದ ನಿಂತಿಲ್ಲ, ಆದರೂ ಬಂದಳು. ನಾಳೆ ಆಸ್ಪತ್ರೆಯಿಂದ ಬಂದ ಮೇಲೆ ಪೈಪನ್ನೇ ಕತ್ತರಿಸಿಬಿಡಿ ಎಂದು ನಜೀರ್ ಭಾಯ್‌ಗೆ ಫೋನ್ ಮಾಡಿದ್ದೇನೆ.

ಜನವರಿ ೨೨, ಬುಧವಾರ

ನಜೀರ್ ಭಾಯ್ ಬಾರಿನ ಮೇಲೆ ಬರುವ ಭಾಗವನ್ನು ಕತ್ತರಿಸಿ, ಸ್ವಲ್ಪ ಬಿಲ್ಲಿನಂತೆ ಬಾಗಿದ ತುಂಡನ್ನು ಬೆಸುಗೆ ಹಾಕಿ ಕೂರಿಸಿದರು. ಚೀಲವನ್ನು ಹೊತ್ತು ತಂದು ಕೂರಿಸಿದೆವು. ಅವರು ಬೆರಳು ತೂರಿಸಿದರು. ಹೋಯಿತು, ಸ್ವಲ್ಪ ಬಿಗಿಯಾಗಿ.

"ಹದಿನಾರು," ಎಂದೆ.

"ಒಂದು ಬೆರಳು," ಎಂದರು. "ಇದರ ಮೇಲೆ ಎತ್ತಿದ್ರೆ ಗಾಡಿಯ ತಳಕ್ಕೆ ತಾಗುತ್ತೆ. ಇನ್ನು ನನ್ನ ಕೈಯಲ್ಲಿಲ್ಲ. ಅಕ್ಕ ಹೇಗಿದ್ದಾರೆ?"

ಹತ್ತು ಆಗಿದೆ, ಹನ್ನೊಂದು ಆಗಿದೆ, ಇನ್ನು ಹದಿನಾಲ್ಕು ಎಂದೆ. ಅವರು ಕೇಳಿದ್ದು ಅದಲ್ಲ ಎಂದು ದಾರಿಯಲ್ಲಿ ಹೊಳೆಯಿತು.

ಜನವರಿ ೨೪, ಶುಕ್ರವಾರ

ಹದಿಮೂರ‍ನೆಯದು. ಏಳು ಪೆಟ್ಟು. ಹತ್ತೊಂಬತ್ತರಿಂದ ಏಳು.

ಓಡುವಾಗ ಸಂದು ಎಷ್ಟು ಕಿರಿದಾಗುತ್ತದೆ ಎಂದು ತಿಳಿಯಲು ಒಂದು ಉಪಾಯ ಮಾಡಿದೆ. ಚಪಾತಿ ಹಿಟ್ಟಿನ ಉಂಡೆಯನ್ನು ಬಾರಿಗೆ ಅಂಟಿಸಿದರೆ ಪೈಪು ಇಳಿದು ಅದನ್ನು ಅದುಮುತ್ತದೆ. ಉಳಿದ ದಪ್ಪವೇ ಅತಿ ಕಡಿಮೆಯ ಸಂದು. ಪಾರ್ಕಿಂಗಿನಲ್ಲಿ ಬಿಡಿಸಿ ನೋಡಿದೆ. ಹಿಟ್ಟು ತೂತಾಗಿತ್ತು. ಅಂದರೆ ಸೊನ್ನೆ. ಮೇಲ್ಭಾಗ ಪೈಪಿನ ಕಾವಿಗೆ ಬೆಂದು ಹಪ್ಪಳವಾಗಿತ್ತು. ಆಸ್ಪತ್ರೆಯ ನಾಯಿ ತಿಂದಿತು.

"ಭಾವ, ರಾತ್ರಿ ಚಪಾತಿಗೆ ಕಲೆಸಿಟ್ಟ ಹಿಟ್ಟು ಎಲ್ಲಿ?" ಎಂದು ಸರಳಾ ಕೇಳಿದಳು. ಹೇಳಿದೆ. ಶಶಿರೇಖಾ ನಕ್ಕಳು. ನಗು ಕೆಮ್ಮಾಯಿತು. ಆದರೂ ನಕ್ಕಳು.

ಜನವರಿ ೨೮, ಮಂಗಳವಾರ

ಹದಿನೈದು. ಎರಡು ಪೆಟ್ಟು ಮಾತ್ರ, ಎರಡೂ ದೊಡ್ಡ ಹಂಪುಗಳಲ್ಲಿ. ಹಿಟ್ಟು ಇನ್ನೂ ತೂತು, ಆದರೆ ಸಣ್ಣದು.

ಹೊಸ ರಬ್ಬರುಗಳು ತಮ್ಮ ಜಾಗಕ್ಕೆ ಕೂರುತ್ತಿವೆ ಎಂದು ಕಾಣುತ್ತದೆ.

ಅವಳನ್ನು ಕಾರಿನಿಂದ ನಡುಮನೆಗೆ ನಾನೊಬ್ಬನೇ ಎತ್ತಿ ತಂದೆ. ಮೊದಲು ನಾನೂ ಸರಳಾಳೂ ಸೇರಿ ಹಿಡಿಯಬೇಕಿತ್ತು. ಹಿಡಿಯುವ ರೀತಿ ಅಭ್ಯಾಸವಾಗಿದೆ.

ಡಾಕ್ಟರು ಒಮ್ಮೆ ಒಳಗೆ ಬರಹೇಳಿದ್ದಾರೆ ಎಂದಳು ಸರಳಾ. ನಾಳೆ ಹೋಗುತ್ತೇನೆ.

ಜನವರಿ ೩೦, ಗುರುವಾರ

ಹದಿನೇಳು. ಒಂದು ಪೆಟ್ಟೂ ಇಲ್ಲ.

ಶಾಲೆಯ ಹಂಪನ್ನು ಇಪ್ಪತ್ತರ ವೇಗದಲ್ಲೇ ದಾಟಿಸಿದೆ. ಇಲ್ಲ. ಹೆಬ್ಬಾಳ ಕೆರೆಯ ಮುಂದೆ, ಮೇಖ್ರಿ ಸರ್ಕಲ್ಲಿನ ಆಚೆ, ಆಸ್ಪತ್ರೆಯ ಗೇಟಿನ ಎರಡು ಸಾಲು ಹಂಪು, ಎಲ್ಲೂ ಇಲ್ಲ. ಗಾಡಿ ನಿಲ್ಲಿಸಿ ಹಿಂದೆ ತಿರುಗಿದೆ.

"ನಿಂತಿತು ನೋಡು!"

"ನಿಂತೋಯ್ತಾ?" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. "ಖುಷಿ ಆಯ್ತಾ ನಿಮ್ಗೆ?"

ಆಯಿತು ಎಂದೆ. ಮೂರು ವಾರದ ಕೆಲಸ ಅದು.

"ಅದು ನಿಮ್ ಕೆಲ್ಸ ಅಲ್ಲ ರೀ," ಎಂದಳು. "ನನ್ ಕೆಲ್ಸ."

ಸರಳಾ ಕಿಟಕಿಯ ಆಚೆ ನೋಡಿದಳು. ಶಶಿರೇಖಾಳ ಹಾಸ್ಯ ಮೊದಲಿನಿಂದಲೂ ನನಗೆ ತಡವಾಗಿ ಅರ್ಥವಾಗುತ್ತದೆ.

ಹಿಟ್ಟು ಎರಡೂವರೆ ಮಿಲಿಮೀಟರು. ಡಾಕ್ಟರು ಸಿಗಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ನಾನು ಹುಡುಕಲಿಲ್ಲ.

ಫೆಬ್ರವರಿ ೧, ಶನಿವಾರ

ದೋಷ ಯಾಕೆ ಹೋಯಿತು ಎಂದು ಗೊತ್ತಾಗದಿದ್ದರೆ ಅದು ಹೋಗಿಲ್ಲ ಎಂದೇ ತಿಳಿಯಬೇಕು. ಇವತ್ತು ಚೀಲ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೆಬ್ಬಾಳದವರೆಗೆ ಹೋದೆ. ಭಾರ ಅಷ್ಟೇ ಇರಬೇಕೆಂದು ಸರಳಾಳನ್ನೂ ಪಕ್ಕದಲ್ಲಿ, ಅವಳ ಎಂದಿನ ಜಾಗದಲ್ಲಿ ಕೂರಿಸಿದೆ. ಯಲಹಂಕದ ಏರ್ ಶೋಗೆ ಅಭ್ಯಾಸ ಮಾಡುವ ವಿಮಾನವೊಂದು ತಲೆಯ ಮೇಲೆ ಹೋಯಿತು. ಆ ಗದ್ದಲದಲ್ಲೂ ಕೇಳಿಸಿತು. ಶಾಲೆಯ ಹಂಪಿನಲ್ಲಿ ಟಕ್. ಹನ್ನೊಂದು ಹಂಪುಗಳಲ್ಲಿ ಮೂರು ಪೆಟ್ಟು. ಹಿಟ್ಟು ತೂತು.

ಚೀಲ ಕೂತರೆ ಬಡಿಯುತ್ತದೆ. ಅವಳು ಕೂತರೆ ಬಡಿಯುವುದಿಲ್ಲ. ಎರಡೂ ಅರವತ್ತೆರಡು ಕೆಜಿ.

ಅಳತೆ ತಪ್ಪಿದಾಗ ಮೊದಲು ಅಳೆಯುವ ಸಾಧನವನ್ನು ನೋಡಬೇಕು. ಚಕ್ರಗಳ ಗಾಳಿ ಪರೀಕ್ಷಿಸಿದೆ, ಸರಿ ಇತ್ತು. ಡ್ರಿಲ್ ಬಿಟ್ಟುಗಳನ್ನು ಅಳೆದೆ, ಸರಿ ಇದ್ದವು. ಚೀಲವನ್ನೇ ಅಕ್ಕಿ ಅಂಗಡಿಗೆ ಒಯ್ದು ಕಾಟಾದ ಮೇಲೆ ಇಡಿಸಿದೆ. ಅರವತ್ತೆರಡು ಕೆಜಿ ನೂರು ಗ್ರಾಂ. ಚೀಲದ್ದೂ ಸೇರಿ.

"ಇನ್ನೇನು ಉಳಿದಿದೆ ಸರಳಾ?" ಎಂದು ಕೇಳಿದೆ. "ಎಲ್ಲಾ ನೋಡಿದ್ದಾಯ್ತು."

"ಮನೆಗೆ ಹೋಗೋಣ ಭಾವ," ಎಂದಳು. ಅವಳು ಅಳುತ್ತಿದ್ದಳು. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ ಅವಳಿಗೆ.

ಫೆಬ್ರವರಿ ೩, ಸೋಮವಾರ

ಹತ್ತೊಂಬತ್ತು. ಪೆಟ್ಟಿಲ್ಲ. ಹಿಟ್ಟು ನಾಲ್ಕು ಮಿಲಿಮೀಟರು.

ಅವಳ ಸೀಟ್ ಬೆಲ್ಟು ಸಡಿಲ ಬರುತ್ತಿದೆ. ಒಳಗಿನ ಸ್ಪ್ರಿಂಗು ಸೋತಿರಬೇಕು. ಒಂದು ದಿಂಬು ಕೊಟ್ಟು ಬಿಗಿ ಮಾಡಿದೆ.

ಫೆಬ್ರವರಿ ೪, ಮಂಗಳವಾರ

ಇಪ್ಪತ್ತು. ವಾಪಸ್ಸು ಬರುವಾಗ ಐದು ನಿಮಿಷಕ್ಕೆಂದು ನಜೀರ್ ಭಾಯ್ ಅಂಗಡಿಗೆ ತಿರುಗಿಸಿದೆ. ಶಶಿರೇಖಾ ಒಳಗೇ ಕೂತಿದ್ದಳು.

ಅವರು ಕೈ ಒರೆಸಿಕೊಳ್ಳುತ್ತ, "ಅಕ್ಕಾ, ಎಷ್ಟು ದಿನ ಆಯ್ತು..." ಎನ್ನುತ್ತ ಬಂದು ಕಿಟಕಿಗೆ ಬಗ್ಗಿದರು. ಮಾತು ಅಲ್ಲೇ ನಿಂತಿತು.

"ಏನ್ ನಜೀರ್ ಭಾಯ್, ಗುರುತು ಸಿಗ್ಲಿಲ್ವಾ?" ಎಂದಳು ಇವಳು. "ಮನೇಲಿ ಸಬೀರಾ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ ಅಕ್ಕ. ದಿನಾ ನಿಮ್ಮನ್ನ ದುವಾದಲ್ಲಿ ನೆನೆಸ್ತಾಳೆ."

ಅವರು ಗುಂಡಿಗಿಳಿದರು. ನಾನೂ ಇಳಿದೆ. ಬೆರಳು ತೂರಿಸಿದರು. ಬಿಗಿಯಿಲ್ಲದೆ ಹೋಯಿತು, ಸುತ್ತಲೂ ಜಾಗವಿತ್ತು. ಬೆರಳನ್ನು ಅಲ್ಲೇ ಆಚೀಚೆ ಆಡಿಸಿ ನೋಡಿದರು.

"ಬಾಲಣ್ಣ, ಪೈಪು ಮೇಲಕ್ಕೆ ಹೋಗಿಲ್ಲ. ಗಾಡಿ ಮೇಲಕ್ಕೆ ಬಂದಿದೆ."

"ಯಾಕೆ?"

ಅವರು ನನ್ನನ್ನು ನೋಡಿದರು. "ಮನೆಗೆ ಕರ್ಕೊಂಡ್ ಹೋಗಿ. ಅಕ್ಕನಿಗೆ ಬಿಸಿಲು ಹೊಡೀತಿದೆ."

ಹದಿನಾಲ್ಕು ವರ್ಷದ ಸ್ಪ್ರಿಂಗು ತಾನಾಗಿ ಏಳುವುದನ್ನು ನಾನು ಎಲ್ಲೂ ಕಂಡಿಲ್ಲ.

ಫೆಬ್ರವರಿ ೫, ಬುಧವಾರ

ನಿಲ್ಲಿಸಿದರು.

ನಾನು ಕಾರಿನ ಅಡಿಯಲ್ಲಿದ್ದೆ. ಸರಳಾಳ ಕಾಲುಗಳು ಬಂದು ನಿಂತವು.

"ಭಾವ, ಹೊರಗೆ ಬನ್ನಿ."

"ಒಂದು ನಿಮಿಷ."

"ಭಾವ."

ಬಂದೆ. ಅವಳು ಆಸ್ಪತ್ರೆಯ ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಇನ್ನು ಕರೆಂಟ್ ಇಡಲ್ವಂತೆ. ಆ ಅಚ್ಚು ಕೂರ್ತಿಲ್ಲ. ಅಚ್ಚಿಗೂ ಅಕ್ಕನ ಮೈಗೂ ಮಧ್ಯ ಡಾಕ್ಟ್ರು ಬೆರಳು ತೂರ್ಸಿ ತೋರ್ಸಿದ್ರು ಭಾವ, ಒಂದು ಬೆರಳು ಆರಾಮಾಗಿ ಹೋಗುತ್ತೆ. ಕರೆಂಟು ಬೀಳೋ ಜಾಗಕ್ಕೆ ಬೀಳಲ್ವಂತೆ. ಹೊಸ ಅಚ್ಚು ಮಾಡಿದ್ರೂ ಈ ಮೈ ತಡ್ಕೊಳ್ಳಲ್ಲ ಅಂದ್ರು. ಮನೆಗೆ ಕರ್ಕೊಂಡ್ ಹೋಗಿ, ನೋವಿಗೆ ಔಷಧಿ ಬರ್ಕೊಡ್ತೀವಿ ಅಂದ್ರು."

ಐದು ಉಳಿದಿವೆ ಎಂದೆ.

"ಹೂಂ. ಐದು ಉಳಿದಿವೆ."

ದಾರಿಯಲ್ಲಿ ಒಂದು ಶಬ್ದವೂ ಇರಲಿಲ್ಲ.

ಫೆಬ್ರವರಿ ೬, ಗುರುವಾರ

ಬೆಳಿಗ್ಗೆ ಎಂಟೂವರೆಗೆ ಅಭ್ಯಾಸದಂತೆ ಕಾರಿನಲ್ಲಿ ಹೋಗಿ ಕೂತೆ. ಫೈಲು ಹಿಂದಿನ ಸೀಟಿನಲ್ಲೇ ಇತ್ತು. ಒಂದು ತಿಂಗಳು ಅದನ್ನು ದಿನವೂ ಕಾರಿನಿಂದ ಮನೆಗೆ, ಮನೆಯಿಂದ ಕಾರಿಗೆ ಒಯ್ದಿದ್ದೇನೆ. ಬಿಚ್ಚಿ ನೋಡಿರಲಿಲ್ಲ.

ಎರಡನೆಯ ಹಾಳೆಯಲ್ಲಿ ವಾರಕ್ಕೊಂದು ಸಾಲು. ಡಿಸೆಂಬರ್ ಹದಿನಾರು, ಅರವತ್ತೆರಡು. ಜನವರಿ ಆರು, ಐವತ್ತೊಂಬತ್ತು. ಹದಿಮೂರಕ್ಕೆ ಐವತ್ತೇಳೂವರೆ. ಇಪ್ಪತ್ತೊಂದಕ್ಕೆ ಐವತ್ತೈದು. ಇಪ್ಪತ್ತೇಳಕ್ಕೆ ಐವತ್ತೊಂದು. ಫೆಬ್ರವರಿ ಮೂರು, ನಲವತ್ತೇಳು. ಪ್ರತಿ ಸಾಲಿನ ಮುಂದೆಯೂ ಯಾರೋ ಇಂಗ್ಲಿಷಿನಲ್ಲಿ ಸಣ್ಣದಾಗಿ ಬರೆದಿದ್ದಾರೆ: ಗಂಡನ ಜೊತೆ ಮಾತಾಡಬೇಕು.

ನಾನು ಮೊದಲ ಸಲ ಚೀಲವನ್ನು ಅವಳ ಸೀಟಿನಲ್ಲಿ ಕೂರಿಸಿದ ದಿನವೇ ಚೀಲ ಅವಳಿಗಿಂತ ಮೂರು ಕೆಜಿ ಹೆಚ್ಚಿತ್ತು.

ಫೈಲು ಮುಚ್ಚಿ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳನ್ನು ತುಂಬಿ ಅವಳ ಸೀಟಿನಲ್ಲಿಟ್ಟೆ. ಮೇಲೆ ಬಿಂದಿಗೆಯಲ್ಲಿ ಏಳು ಲೀಟರು. ನಲವತ್ತೇಳು. ಹಿಟ್ಟಿನ ಉಂಡೆ ಅಂಟಿಸಿದೆ. ಸರಳಾ ಕೇಳದೆಯೇ ಬಂದು ತನ್ನ ಜಾಗದಲ್ಲಿ ಕೂತು ಬಿಂದಿಗೆ ಹಿಡಿದುಕೊಂಡಳು.

"ನಾನೇ ಹೇಳ್ಬೇಕಿತ್ತು ಭಾವ," ಎಂದಳು. "ಅಕ್ಕ ಬೇಡ ಅಂದ್ಳು. ಅವ್ರು ಆ ಶಬ್ದಾನೇ ಹಿಡ್ಕೊಂಡು ನಿಂತಿದ್ದಾರೆ, ಕಿತ್ಕೋಬೇಡ ಅಂದ್ಳು."

ಶಾಲೆಯ ಹಂಪು, ಇಪ್ಪತ್ತರ ವೇಗ. ಶಬ್ದವಿಲ್ಲ. ಹಿಟ್ಟು ನಾಲ್ಕು ಮಿಲಿಮೀಟರು.

ನನ್ನ ಅಳತೆಗಳು ಎಲ್ಲವೂ ಸರಿ ಇದ್ದವು.

ಕ್ಯಾನುಗಳನ್ನು ಇಳಿಸಿ ತರುವಾಗ ಅತ್ತೆ ನಡುಮನೆಯಲ್ಲಿ, ಗೋಣಿಚೀಲದ ಪಕ್ಕ ಕೂತಿದ್ದರು. ಏನು ನೀರು ಎಂದು ಕೇಳಿದರು. ಹೇಳಿದೆ. ಮುಚ್ಚಿಡುವ ಶಕ್ತಿ ನನ್ನಲ್ಲಿರಲಿಲ್ಲ. ಅರವತ್ತೆರಡು ಅಲ್ಲ ಅತ್ತೆ, ನಲವತ್ತೇಳು ಎಂದೆ. ಅವರು ಚೀಲದ ಮೇಲೆ ಕೈ ಇಟ್ಟುಕೊಂಡೇ ಇದ್ದರು.

"ಅಂಗಾದ್ರೆ ದೇವ್ರಕ್ಕಿ ಜಾಸ್ತಿ ಐತೆ."

"ಹೌದು."

"ಎಷ್ಟು?"

"ಹದಿನೈದು ಕೆಜಿ."

"ತೆಗೀರಿ. ನೋಡ್ಬೇಕು ನಾನು."

ಮೀಸಲಿನ ಗಂಟನ್ನು ಮುಟ್ಟಲು ನನ್ನ ಕೈ ಬರಲಿಲ್ಲ. ಅವರೇ ಬಿಚ್ಚಿದರು. ಹಲ್ಲಿನಿಂದ ಕಚ್ಚಿ ಸಡಿಲಿಸಬೇಕಾಯಿತು, ಅಷ್ಟು ಬಿಗಿಯಾಗಿ ಕಟ್ಟಿದ್ದರು. ಪಕ್ಕದ ಮನೆಯಿಂದ ಸರಳಾ ತಂದ ತಕ್ಕಡಿಯಲ್ಲಿ ಐದೈದು ಕೆಜಿಯಂತೆ ಮೂರು ಸಲ ತೂಗಿ ಹಿತ್ತಾಳೆಯ ದೊಡ್ಡ ಪಾತ್ರೆಗೆ ಸುರಿದೆ. ಪಾತ್ರೆ ಕಂಠದವರೆಗೆ ಬಂತು.

ಅತ್ತೆ ಅಕ್ಕಿಯ ಮೇಲೆ ಅಂಗೈ ಆಡಿಸಿದರು. ಮಗುವಿನ ತಲೆ ಸವರುವ ಹಾಗೆ.

"ಇಷ್ಟೊಂದು ಮಗ್ಳು," ಎಂದರು. "ನನ್ ಕಣ್ಮುಂದೆ ಇದ್ಕೊಂಡೇ ಎಲ್ಗೋದ್ಲು?"

ಅರಿಶಿನದ ಬಟ್ಟೆಯನ್ನು ಅವರು ಮತ್ತೆ ಚೀಲಕ್ಕೆ ಕಟ್ಟಲಿಲ್ಲ. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಎದ್ದರು.

"ಸರಳಾ, ಅನ್ನಕ್ಕಿಡೇ. ನಿಮ್ ಭಾವ ನಿನ್ನೆಯಿಂದ ಏನೂ ತಿಂದಿಲ್ಲ."

"ಅಮ್ಮ, ಇದು ಮೀಸ್ಲು..."

"ಗೊತ್ತೈತೆ. ಇಡು."

ಅನ್ನ ಕುದಿಯುವಾಗ ಒಳಕೋಣೆಯಿಂದ ಶಶಿರೇಖಾ ಕರೆದಳು. ಅವಳ ಧ್ವನಿ ಈಗ ಎರಡು ಬಾಗಿಲು ದಾಟುವುದಿಲ್ಲ. ಹತ್ತಿರ ಹೋಗಿ ಬಗ್ಗಿದೆ.

"ಹೊಸಕ್ಕಿನಾ? ಚೆನ್ನಾಗಿ ವಾಸ್ನೆ ಬರ್ತಿದೆ. ಬಾಗಿಲು ತೆಗೆದಿಡಿ."

ತೆಗೆದಿಟ್ಟೆ. ಸರಳಾ ತಟ್ಟೆ ತಂದುಕೊಟ್ಟಳು. ಬಿಸಿ ಅನ್ನ, ಮೇಲೆ ಸಾರು. ಮಂಚದ ಅಂಚಿನಲ್ಲಿ ಕೂತೆ. ನಾನು ಕೂತದ್ದಕ್ಕೆ ಮಂಚ ಬಗ್ಗಿತು, ಅವಳು ನನ್ನ ಕಡೆಗೆ ಸ್ವಲ್ಪ ಜಾರಿದಳು. ಸರಿಪಡಿಸಲು ಎದ್ದೆ. ಅವಳು ನನ್ನ ಮೊಣಕೈ ಹಿಡಿದಳು.

"ಇರ್ಲಿ ಬಿಡಿ. ಊಟ ಮಾಡಿ."

ಅವಳು ನೋಡುತ್ತಿರುವಾಗ ಅಷ್ಟನ್ನೂ ಉಂಡೆ.